ಯಾರಿಗೂ ಹೇಳದೆ ಹೊರಟವನು

2003ರ ಏಪ್ರಿಲ್ 26, ಶನಿವಾರ. ಅಮೆರಿಕದ ಯೂಟಾ ರಾಜ್ಯದ ಮರುಭೂಮಿಯಲ್ಲಿ ಬ್ಲೂಜಾನ್ ಎಂಬ ಸೀಳುಕಣಿವೆಯೊಳಗೆ ಏರನ್ ರಾಲ್‌ಸ್ಟನ್ ಎಂಬ 27 ವರ್ಷದ ಯುವಕ ಒಬ್ಬನೇ ಇಳಿಯುತ್ತಿದ್ದ. ಹಿಡಿದುಕೊಂಡ ಬಂಡೆ ಜಾರಿತು. ಸುಮಾರು 360 ಕೆ.ಜಿ. ತೂಕದ ಆ ಕಲ್ಲು ಅವನ ಬಲಗೈಯನ್ನು ಗೋಡೆಗೆ ಒತ್ತಿ ಹಿಡಿಯಿತು. ಐದು ದಿನಗಳ ಬಳಿಕ, ಕುಡಿಯಲು ನೀರಿಲ್ಲದೆ, ಒಂದು ಮೊಂಡು ಚಾಕುವಿನಿಂದ ತನ್ನ ಕೈಯನ್ನು ತಾನೇ ಕತ್ತರಿಸಿಕೊಂಡು ಅವನು ಹೊರಬಂದ. 2010ರಲ್ಲಿ ಇದೇ ಘಟನೆಯ ಮೇಲೆ '127 ಅವರ್ಸ್' ಎಂಬ ಸಿನಿಮಾ ಬಂತು. ಎ.ಆರ್. ರೆಹಮಾನ್ ಸಂಗೀತವಿದ್ದುದರಿಂದ ನಮ್ಮಲ್ಲೂ ಅನೇಕರು ಅದನ್ನು ನೋಡಿದ್ದಾರೆ.

ನೋಡಿದವರೆಲ್ಲ ಅವನ ಧೈರ್ಯವನ್ನು ಕೊಂಡಾಡುತ್ತಾರೆ. ಕೊಂಡಾಡಲೇಬೇಕು. ಆದರೆ ಈ ಕತೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವ ಸಂಗತಿ ಬೇರೆಯೇ ಇದೆ. ತಾನು ಎಲ್ಲಿಗೆ ಹೋಗುತ್ತೇನೆಂದು ಅವನು ಒಬ್ಬರಿಗೂ ಹೇಳಿರಲಿಲ್ಲ. ಅವನು ಕೆಲಸಕ್ಕೆ ಬಾರದಿದ್ದಾಗ ಸ್ನೇಹಿತರು ಆತಂಕಗೊಂಡರು. ತಾಯಿ ಸುಮ್ಮನೆ ಕೂರಲಿಲ್ಲ. ಅವನು ನಿಲ್ಲಿಸಿಹೋಗಿದ್ದ ವಾಹನ ಪತ್ತೆಯಾಯಿತು, ಆ ಜಾಗದ ಮೇಲೆ ಹೆಲಿಕಾಪ್ಟರ್ ಹಾರಿತು. ರಕ್ತ ಸುರಿಸುತ್ತ ನಡೆದು ಬರುತ್ತಿದ್ದವನಿಗೆ ದಾರಿಯಲ್ಲಿ ಸಿಕ್ಕ ಹಾಲೆಂಡ್‌ನ ಕುಟುಂಬವೊಂದು ನೀರು ಕೊಟ್ಟಿತು. ಬಂಡೆಯಿಂದ ಬಿಡಿಸಿಕೊಂಡದ್ದು ಅವನ ಸಾಹಸ, ನಿಜ. ಜೀವ ಉಳಿದದ್ದು ಮಾತ್ರ ಅವನು ಯಾರಿಗೆ ಹೇಳದೆ ಹೊರಟಿದ್ದನೋ ಆ ಜನರಿಂದ.

ಒಬ್ಬನೇ ಹೊರಡುವವನು ನಿಜಕ್ಕೂ ಒಬ್ಬನೇ ಇರುತ್ತಾನೆಯೇ? ಹಾಗಿಲ್ಲದಿದ್ದರೆ, ಅವನ ಏಕಾಂತ ಯಾರಿಗೆ ಋಣಿ?

ಈ ಪ್ರಶ್ನೆ ಕೇಳಲು ಆ ಮರುಭೂಮಿಗಿಂತ ಸೂಕ್ತ ಸ್ಥಳ ಕಡಿಮೆ. ಲಾಸ್ ವೇಗಸ್‌ನಲ್ಲಿ ಒಂದು ಬಾಡಿಗೆ ಕಾರು ಹಿಡಿದರೆ ಝಯಾನ್, ಬ್ರೈಸ್, ಆರ್ಚಸ್, ಕ್ಯಾನ್ಯನ್‌ಲ್ಯಾಂಡ್ಸ್, ಗ್ರ್ಯಾಂಡ್ ಕ್ಯಾನ್ಯನ್ ಎಂದು ರಾಷ್ಟ್ರೀಯ ಉದ್ಯಾನಗಳು ಸಾಲಾಗಿ ಬರುತ್ತವೆ. ಕ್ಯಾಲಿಫೋರ್ನಿಯಾದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನಮ್ಮ ಬೆಂಗಳೂರು, ಮಂಗಳೂರಿನ ಹುಡುಗರಿಗೂ ಈ ದಾರಿ ಅಪರಿಚಿತವಲ್ಲ. ಗ್ರ್ಯಾಂಡ್ ಕ್ಯಾನ್ಯನ್ ಒಂದೇ 446 ಕಿ.ಮೀ. ಉದ್ದ, ಸುಮಾರು 1.6 ಕಿ.ಮೀ. ಆಳ. ದಕ್ಷಿಣದ ಅಂಚಿನಿಂದ ಉತ್ತರದ ಅಂಚಿಗೆ ಹಕ್ಕಿ ಹಾರಿದರೆ ಹದಿನಾರು ಕಿ.ಮೀ. ಆಸುಪಾಸು, ಕಾರಿನಲ್ಲಿ ಸುತ್ತಿ ಹೋಗಲು ಸುಮಾರು 350 ಕಿ.ಮೀ. ಮೈಲುಗಟ್ಟಲೆ ಮನೆಯಿಲ್ಲ, ಅಂಗಡಿಯಿಲ್ಲ, ಫೋನಿಗೆ ಸಿಗ್ನಲ್ ಇಲ್ಲ. ಅಲ್ಲಿಗೆ ಒಬ್ಬನೇ ಹೋಗುವವನಿಗೆ ಬೇಕಾದದ್ದೂ ಅದೇ. ಕೆಲವು ದಿನಗಳ ಮಟ್ಟಿಗೆ ಯಾರ ಮಗನೂ ಅಲ್ಲ, ಯಾರ ಗಂಡನೂ ಅಲ್ಲ, ಯಾವ ಕಂಪೆನಿಯ ನೌಕರನೂ ಅಲ್ಲ.

ಆದರೆ ಹೀಗೆ 'ಯಾರೂ ಅಲ್ಲ'ದವನಾಗುವ ಸೌಲಭ್ಯ ಎಲ್ಲರಿಗೂ ಒಂದೇ ಸಮ ಸಿಗುವುದಿಲ್ಲ. ಅದೇ ಅರಿಝೋನಾ ರಾಜ್ಯದ ಮೆಸಾ ನಗರದಲ್ಲಿ 2001ರ ಸೆಪ್ಟೆಂಬರ್ 15ರಂದು ತನ್ನ ಪೆಟ್ರೋಲ್ ಬಂಕ್‌ನ ಮುಂದೆ ನಿಂತಿದ್ದ ಬಲ್‌ಬೀರ್ ಸಿಂಗ್ ಸೋಧಿ ಎಂಬ ಸಿಖ್ ವ್ಯಕ್ತಿಯನ್ನು ಗುಂಡಿಟ್ಟು ಕೊಲ್ಲಲಾಯಿತು. ಪೇಟ ಮತ್ತು ಗಡ್ಡ ನೋಡಿದವನಿಗೆ ಅಷ್ಟೇ ಸಾಕಾಗಿತ್ತು. ಒಬ್ಬನ ಮುಖ, ಹೆಸರು ಮತ್ತು ಉಡುಪು ಅವನಿಗಿಂತ ಮುಂಚೆಯೇ ಊರು ತಲುಪಿರುತ್ತವೆ. ಅಂಥವನು ಖಾಲಿ ರಸ್ತೆಯಲ್ಲೂ ಪೂರ್ತಿ ಒಂಟಿಯಾಗಲಾರ.

ಹಾಗೆಂದು ಏಕಾಂತವೇ ಬೇಡ ಎನ್ನುವವನು ನಾನಲ್ಲ. ಕಣಿವೆ, ಗುಹೆ, ಮರುಭೂಮಿಯ ಮೌನ, ಇವು ನಮ್ಮ ಪರಂಪರೆಯ ಬೇರಿನಲ್ಲೇ ಇವೆ. ಪ್ರವಾದಿತ್ವ ಲಭಿಸುವ ಮುನ್ನ ಪ್ರವಾದಿ ಮುಹಮ್ಮದ್(ಸ)ರು ಮಕ್ಕಾದ ಹೊರಗಿನ ಹಿರಾ ಗುಹೆಯಲ್ಲಿ ಹಲವು ರಾತ್ರಿಗಳನ್ನು ಒಬ್ಬರೇ ಕಳೆಯುತ್ತಿದ್ದರು. ಇದನ್ನು ನಾವೆಲ್ಲ ಮದ್ರಸಾದಲ್ಲಿ ಕಲಿತಿದ್ದೇವೆ. ಅದೇ ಹದೀಸಿನಲ್ಲಿರುವ ಇನ್ನೊಂದು ಮಾತನ್ನು ಅಷ್ಟಾಗಿ ಗಮನಿಸುವುದಿಲ್ಲ. ಅವರು ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದರು. ಬುತ್ತಿ ತೀರಿದಾಗ ಖದೀಜಾ(ರ)ರ ಬಳಿಗೆ ಮರಳಿ, ಮತ್ತೆ ಬುತ್ತಿ ಪಡೆದು ಹೊರಡುತ್ತಿದ್ದರು. ಮೊದಲ ದಿವ್ಯವಾಣಿಯ ಅನುಭವದಿಂದ ನಡುಗುತ್ತ ಇಳಿದು ಬಂದದ್ದೂ ಅದೇ ಮನೆಗೆ. ಹೊದಿಕೆ ಹೊದಿಸಿ ಧೈರ್ಯ ಹೇಳಿದ್ದೂ ಅದೇ ಖದೀಜಾ. ಹಿರಾದ ಏಕಾಂತಕ್ಕೆ ಒಂದು ಅಡುಗೆಮನೆಯಿತ್ತು, ಕಾದು ಕುಳಿತ ಒಬ್ಬ ಹೆಂಡತಿಯಿದ್ದರು, ಹೋದ ಜಾಗದ ಗುರುತಿತ್ತು. ಗುಹೆಯನ್ನು ಮಾತ್ರ ನೆನಪಿಟ್ಟು ಬುತ್ತಿಯನ್ನು ಮರೆಯುವುದು ಗಂಡಸರ ಹಳೆಯ ಅಭ್ಯಾಸ ಎಂದರೆ ಯಾರೂ ಬೇಸರಿಸಬಾರದು.

ಇಮಾಮ್ ಗಝ್ಝಾಲಿ 1095ರಲ್ಲಿ ಬಗ್ದಾದಿನ ನಿಝಾಮಿಯಾದ ದೊಡ್ಡ ಹುದ್ದೆ ಬಿಟ್ಟು ಏಕಾಂತಕ್ಕೆ ಹೊರಟರು. ಸಂಪತ್ತನ್ನು ಹಂಚಿಬಿಟ್ಟರೂ ತಮಗೆ ಮತ್ತು ಮಕ್ಕಳಿಗೆ ಸಾಕಾಗುವಷ್ಟನ್ನು ಉಳಿಸಿಯೇ ಹೊರಟರು. ದಮಾಸ್ಕಸ್‌ನ ಮಸೀದಿಯ ಮಿನಾರದಲ್ಲಿ ಬಾಗಿಲು ಹಾಕಿಕೊಂಡು ದಿನವಿಡೀ ಕುಳಿತಿರುತ್ತಿದ್ದ ಅವರನ್ನು ಮತ್ತೆ ಊರಿಗೆ ಎಳೆದು ತಂದದ್ದು ಮಕ್ಕಳ ಕರೆ. ಇದನ್ನು ಅವರೇ ತಮ್ಮ ಆತ್ಮಕಥನದಲ್ಲಿ ಬರೆದುಕೊಂಡಿದ್ದಾರೆ. ಸುಮಾರು ಹನ್ನೊಂದು ವರ್ಷಗಳ ಬಳಿಕ ಅವರು ನಿಶಾಪುರದಲ್ಲಿ ಮತ್ತೆ ಪಾಠ ಹೇಳಲು ಕುಳಿತರು. ಖಲ್ವತ್ ಎಂಬುದು ಹೋಗಿ ಬರುವ ಜಾಗ, ಮನೆಯಲ್ಲ.

ಒಬ್ಬನೇ ಪ್ರಯಾಣ ಮಾಡುವುದನ್ನು ನಿರುತ್ಸಾಹಗೊಳಿಸುವ ಹದೀಸ್‌ಗಳಿವೆ. ಅವನ್ನು ಓದಿ, ಇಂದಿನ ಕಾಲಕ್ಕೆ ಇದೆಲ್ಲ ಏಕೆ ಎಂದು ನಗುವವರಿದ್ದಾರೆ. ಆದರೆ ಯೂಟಾದ ಸೀಳುಕಣಿವೆಯ ಬಳಿಯ ಯಾವ ರೇಂಜರ್‌ನನ್ನು ಕೇಳಿದರೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತಾನೆ: ಒಬ್ಬನೇ ಇಳಿಯಬೇಡ, ಇಳಿಯುವುದಾದರೆ ಯಾರಿಗಾದರೂ ಹೇಳಿ ಇಳಿ. ಇನ್ನು ಮಹಿಳೆಯರ ಪ್ರಯಾಣದ ವಿಷಯ ಬಂದಾಗ ನಮ್ಮಲ್ಲಿ ಚರ್ಚೆ ಬೇಗನೆ ಬಿಸಿಯೇರುತ್ತದೆ. ಮಹ್ರಮ್ ಇಲ್ಲದ ಪ್ರಯಾಣವನ್ನು ತಡೆಯುವ ಹದೀಸನ್ನು ಎಲ್ಲರೂ ಬಲ್ಲರು. ಅದೀ ಬಿನ್ ಹಾತಿಮ್(ರ)ರಿಗೆ ಪ್ರವಾದಿ(ಸ)ರು ಹೇಳಿದ ಭವಿಷ್ಯವನ್ನು ಬಲ್ಲವರು ಕಡಿಮೆ. ಇರಾಕಿನ ಹೀರಾ ಪಟ್ಟಣದಿಂದ ಒಬ್ಬ ಮಹಿಳೆ ಅಲ್ಲಾಹನ ಹೊರತು ಯಾರ ಭಯವೂ ಇಲ್ಲದೆ ಕಅಬಾದವರೆಗೆ ಪ್ರಯಾಣಿಸುವ ಕಾಲ ಬರುತ್ತದೆ ಎಂದು ಅವರು ಹೇಳಿದ್ದರು, ತನ್ನ ಜೀವಿತದಲ್ಲೇ ಅದನ್ನು ಕಂಡೆನೆಂದು ಅದೀ ಹೇಳುತ್ತಾರೆ. ಎರಡನ್ನೂ ಜೊತೆಯಲ್ಲಿಟ್ಟು ಓದಿದರೆ ಪ್ರಶ್ನೆ ಅವಳು ಹೊರಡಬೇಕೇ ಎಂಬಲ್ಲಿಂದ, ದಾರಿ ಹೇಗಿದೆ ಎಂಬಲ್ಲಿಗೆ ಸರಿಯುತ್ತದೆ. ಭಾರತದಲ್ಲಿ 2018ರಿಂದ 45 ದಾಟಿದ ಮಹಿಳೆಯರು ಮಹ್ರಮ್ ಇಲ್ಲದೆ ಗುಂಪಾಗಿ ಹಜ್‌ಗೆ ಹೋಗುವಂತಾಯಿತು. ಸೌದಿಯೇ 2021ರಲ್ಲಿ ಮಹಿಳೆಯರಿಗೆ ಮಹ್ರಮ್ ಇಲ್ಲದೆ ಹಜ್ ನೋಂದಣಿಗೆ ಅವಕಾಶ ಕೊಟ್ಟಿತು. ಒಬ್ಬಳ ಒಂಟಿ ಪ್ರಯಾಣ ಹೀಗೆ ಒಂದು ಇಡೀ ಸಮಾಜದ ನಡತೆಯ ಮೇಲೆ ನಿಂತಿರುತ್ತದೆ. ಗಂಡಸಿನದೂ ಅಷ್ಟೇ, ಅವನಿಗೆ ಅದು ಕಾಣುವುದಿಲ್ಲ.

ಈಗ ಆ ನೆಲದ ಕಡೆಗೆ ನೋಡೋಣ. ಮನುಷ್ಯರಿಲ್ಲದ ಜಾಗ ಬೇಕೆಂದು ಪ್ರಯಾಣಿಕ ಹೋಗುತ್ತಾನಲ್ಲ, ಅಲ್ಲಿ ಮನುಷ್ಯರು ಯಾಕಿಲ್ಲ?

ಗ್ರ್ಯಾಂಡ್ ಕ್ಯಾನ್ಯನ್‌ನೊಳಗಿನ ಶಿಖರಗಳಿಗೆ 'ವಿಷ್ಣು ದೇಗುಲ', 'ಶಿವ ದೇಗುಲ' ಎಂಬ ಹೆಸರುಗಳಿವೆ ಎಂದರೆ ನಮ್ಮ ಓದುಗರಿಗೆ ಅಚ್ಚರಿಯಾಗಬಹುದು. ಅವನ್ನಿಟ್ಟವನು ಕ್ಲಾರೆನ್ಸ್ ಡಟನ್ ಎಂಬ ಭೂವಿಜ್ಞಾನಿ. ತಳದ ಅತಿ ಪುರಾತನ ಶಿಲೆಗೂ ವಿಷ್ಣುವಿನದೇ ಹೆಸರು. ಆ ಪ್ರದೇಶದ ಬಗ್ಗೆ ಡಟನ್‌ನ ಪ್ರಸಿದ್ಧ ಗ್ರಂಥ ಪ್ರಕಟವಾದದ್ದು 1882ರಲ್ಲಿ. ಅದೇ 1882ರಲ್ಲಿ, ಶತಮಾನಗಳಿಂದ ಆ ಕಣಿವೆಯಲ್ಲಿ ಬೇಸಾಯ, ಬೇಟೆ ಮಾಡಿಕೊಂಡಿದ್ದ ಹವಸುಪಾಯ್ ಜನರನ್ನು ಕೇವಲ 518 ಎಕರೆ ಜಾಗಕ್ಕೆ ಸೀಮಿತಗೊಳಿಸಲಾಯಿತು. ಸಾವಿರಾರು ಮೈಲು ದೂರದ ದೇವರುಗಳಿಗೆ ಅಲ್ಲಿ ಜಾಗ ಸಿಕ್ಕಿತು, ಅಲ್ಲೇ ಹುಟ್ಟಿದವರಿಗೆ ಸಿಗಲಿಲ್ಲ. 1919ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಕಣಿವೆಗೆ ಇಳಿಯುವ ದಾರಿಯಲ್ಲಿ ಸಿಗುವ ಒಂದು ತಂಪು ತಾಣದಲ್ಲಿ ಕೊನೆಯದಾಗಿ ಉಳಿದಿದ್ದ ಹವಸುಪಾಯ್ ವ್ಯಕ್ತಿ ಕ್ಯಾಪ್ಟನ್ ಬರೋನನ್ನು 1928ರಲ್ಲಿ ಉದ್ಯಾನ ಇಲಾಖೆ ಬಲವಂತವಾಗಿ ಹೊರಹಾಕಿತು. 1975ರ ಕಾನೂನು ಸುಮಾರು 1,85,000 ಎಕರೆಯನ್ನು ಆ ಜನರಿಗೆ ಹಿಂದಿರುಗಿಸಿತು. ಆ ತಂಪು ತಾಣಕ್ಕೆ 'ಹವಸುಪಾಯ್ ಗಾರ್ಡನ್ಸ್' ಎಂಬ ಹೆಸರು ಬಂದದ್ದು 2022ರಲ್ಲಿ.

ರಾಷ್ಟ್ರೀಯ ಉದ್ಯಾನವೆಂಬ ಕಲ್ಪನೆ ನಮ್ಮಲ್ಲಿಗೂ ಬಂತು, ಒಕ್ಕಲೆಬ್ಬಿಸುವುದನ್ನೂ ಜೊತೆಗೆ ತಂದಿತು. ನಾಗರಹೊಳೆಯ ಜೇನುಕುರುಬರನ್ನು ಕೇಳಿದರೆ ಗೊತ್ತಾಗುತ್ತದೆ.

ಹಿಜರಿ 9ರಲ್ಲಿ ತಬೂಕ್‌ಗೆ ಹೋಗುವ ದಾರಿಯಲ್ಲಿ ಪ್ರವಾದಿ(ಸ)ರು ಅನುಚರರೊಂದಿಗೆ ಹಿಜ್ರ್ ಮೂಲಕ ಹಾದುಹೋದರು. ಅಲ್ಲೂ ಬಂಡೆ, ಕಣಿವೆ, ಕಲ್ಲಿನಲ್ಲಿ ಕೊರೆದ ವಾಸಸ್ಥಾನಗಳು. ಅಕ್ರಮವೆಸಗಿ ನಾಶವಾದವರ ಆ ಮನೆಗಳನ್ನು ಅಳುತ್ತಲ್ಲದೆ ಪ್ರವೇಶಿಸಬೇಡಿ ಎಂದು ಹೇಳಿ ತಲೆ ತಗ್ಗಿಸಿ ವೇಗವಾಗಿ ಸಾಗಿದರು. ಇಂದು ಅದೇ ಹಿಜ್ರ್ 2008ರಿಂದ ವಿಶ್ವ ಪರಂಪರೆಯ ತಾಣ, ಸೌದಿಯ ಪ್ರವಾಸೋದ್ಯಮದ ಹೆಮ್ಮೆ. ಅಲ್ಲಿ ಫೋಟೋ ತೆಗೆಸಿಕೊಳ್ಳುವವರನ್ನು ನಾನು ದೂರುತ್ತಿಲ್ಲ. ಒಂದು ನೆಲವನ್ನು ದಾಟುವಾಗ ಇಲ್ಲಿ ಏನು ನಡೆದಿತ್ತು ಎಂದು ತಿಳಿದು ಅದಕ್ಕೆ ತಕ್ಕಂತೆ ನಡೆದುಕೊಳ್ಳುವ ಒಂದು ಅದಬ್ ಇದೆ. ಹಿಜ್ರ್‌ನಲ್ಲಿ ಅಳಿದವರು ಅಕ್ರಮಿಗಳು. ಅರಿಝೋನಾದಲ್ಲಿ ಹೊರಹಾಕಲ್ಪಟ್ಟವರು ಅಕ್ರಮಕ್ಕೆ ಒಳಗಾದವರು. ಮೇಲಾಗಿ ಅವರು ಅಳಿದಿಲ್ಲ, ಅಲ್ಲೇ ಕಣಿವೆಯಡಿಯ ಹಳ್ಳಿಯಲ್ಲಿದ್ದಾರೆ.

ಆಂಟೆಲೋಪ್ ಕಣಿವೆಯ ಘಟನೆಯನ್ನೂ ಇಲ್ಲಿ ಹೇಳಬೇಕು. ನವಾಹೊ ಜನರ ನೆಲದಲ್ಲಿರುವ ಈ ಸೀಳುಕಣಿವೆಯ ಚಿತ್ರವನ್ನು ಕ್ಯಾಲೆಂಡರ್‌ಗಳಲ್ಲಿ ಎಲ್ಲರೂ ಕಂಡಿರುತ್ತಾರೆ. 1997ರ ಆಗಸ್ಟ್ 12ರಂದು ಮಳೆ ಸುರಿದದ್ದು ಅಲ್ಲಲ್ಲ, ಬಲು ದೂರದಲ್ಲಿ. ಆ ನೀರು ಒಮ್ಮೆಲೇ ಕಣಿವೆಗೆ ನುಗ್ಗಿ 11 ಪ್ರವಾಸಿಗರು ಸತ್ತರು. ಆ ಬಳಿಕ ನವಾಹೊ ಮಾರ್ಗದರ್ಶಕರಿಲ್ಲದೆ ಅಲ್ಲಿ ಯಾರನ್ನೂ ಬಿಡುವುದಿಲ್ಲ. ಏಕಾಂತಕ್ಕೆ ಧಕ್ಕೆಯಾಯಿತೆಂದು ಗೊಣಗುವ ಪ್ರವಾಸಿಗರಿದ್ದಾರಂತೆ. ಇರಲಿ. ನೆತ್ತಿಯ ಮೇಲಿನ ಆಕಾಶ ಶುಭ್ರವಾಗಿದೆ ಎಂಬುದು ಪ್ರವಾಸಿಗೆ ಗೊತ್ತು. ದೂರದ ಮೋಡ ಎಲ್ಲಿಗೆ ಹರಿಯುತ್ತದೆ ಎಂಬುದು ಅಲ್ಲಿಯೇ ಬಾಳಿದವರಿಗೆ ಗೊತ್ತು.

ಒಂಟಿ ಪ್ರಯಾಣಿಕರಿಗೆ ಈ ಕಣಿವೆಗಳಲ್ಲಿ ಒಬ್ಬ ಆದರ್ಶ ಪುರುಷನಿದ್ದಾನೆ, ಎವರೆಟ್ ರೂಯೆಸ್. ಚಿತ್ರಕಾರ, ಕತ್ತೆಗಳ ಮೇಲೆ ಸಾಮಾನು ಹೇರಿಕೊಂಡು ಅಲೆಯುತ್ತಿದ್ದ ಹುಡುಗ. 1934ರ ನವೆಂಬರ್‌ನಲ್ಲಿ, ಇಪ್ಪತ್ತನೇ ವಯಸ್ಸಿನಲ್ಲಿ, ಯೂಟಾದ ಎಸ್ಕಲಾಂಟೆ ಊರಿನಿಂದ ಹೊರಟವನು ಮತ್ತೆ ಕಾಣಲಿಲ್ಲ. ಹುಡುಕಿ ಹೋದವರಿಗೆ ಒಂದು ಕಣಿವೆಯಲ್ಲಿ ಅವನ ಎರಡು ಕತ್ತೆಗಳು ಸಿಕ್ಕವು. ಬಂಡೆಯ ಮೇಲೆ 'ನೆಮೊ 1934' ಎಂದು ಕೊರೆದಿತ್ತು. ಲ್ಯಾಟಿನ್‌ನಲ್ಲಿ ನೆಮೊ ಎಂದರೆ 'ಯಾರೂ ಅಲ್ಲ'. ಅವನ ಬಗ್ಗೆ ಪುಸ್ತಕಗಳು ಬಂದವು, ಹಾಡುಗಳು ಬಂದವು, ಸಾಕ್ಷ್ಯಚಿತ್ರಗಳು ಬಂದವು.

2009ರಲ್ಲಿ ನವಾಹೊ ಪ್ರದೇಶದ ಒಂದು ಬಂಡೆಯ ಬಿರುಕಿನಲ್ಲಿ ಮನುಷ್ಯನ ಎಲುಬುಗಳು ಸಿಕ್ಕ ಸುದ್ದಿ ಬಂತು. ಡಿಎನ್‌ಎ ಪರೀಕ್ಷೆ ನಡೆಸಿ, ಇದು ರೂಯೆಸ್‌ನದೇ ಎಂದು ಸಾರಲಾಯಿತು. ಎಪ್ಪತ್ತೈದು ವರ್ಷಗಳ ಒಗಟು ಬಿಡಿಸಿತೆಂದು ಪತ್ರಿಕೆಗಳು ಬರೆದವು. ಅದೇ ವರ್ಷ ಇನ್ನೊಂದು ಪ್ರಯೋಗಾಲಯ ಮರುಪರೀಕ್ಷೆ ಮಾಡಿತು. ಎಲುಬುಗಳು ರೂಯೆಸ್‌ನದ್ದಲ್ಲ, ಒಬ್ಬ ಮೂಲನಿವಾಸಿಯದು. ಪತ್ರಿಕೆಗಳು ಮತ್ತೆ ಬರೆದವು: ರೂಯೆಸ್ ಇನ್ನೂ ಸಿಕ್ಕಿಲ್ಲ.

ಸಿಕ್ಕಿದ್ದವನು ಯಾರು, ಯಾವ ಮನೆಯಿಂದ ಹೊರಟಿದ್ದ, ಅವನಿಗಾಗಿ ಬಾಗಿಲಲ್ಲಿ ಯಾರು ಕಾದಿದ್ದರು ಎಂದು ಆ ಸುದ್ದಿಗಳಲ್ಲಿರಲಿಲ್ಲ.