ಎದುರಿಲ್ಲದ ಎದುರಾಳಿ

ಕರಾಟೆಯ 'ಕಾತಾ' ಅಭ್ಯಾಸದಲ್ಲಿ ಸಾಧಕ ಒಬ್ಬನೇ ನಿಂತು, ಇಲ್ಲದ ಎದುರಾಳಿಯ ಏಟು ತಡೆದು, ಇಲ್ಲದ ಎದೆಗೆ ಗುದ್ದುತ್ತಾನೆ. ಜಪಾನಿನ ಇಯಾಇದೋದಲ್ಲಿಯೂ ಒರೆಯಿಂದ ಕತ್ತಿ ಹಿರಿಯುವುದು ಕಲ್ಪಿತ ಶತ್ರುವಿನ ಮೇಲೆಯೇ. ಈ ಕಲ್ಪನೆ ಇಲ್ಲದಿದ್ದರೆ ಕಾತಾ ಬರಿಯ ಕವಾಯತು. ಎದುರಾಳಿಯ ಎತ್ತರ, ನಡುವಿನ ಅಂತರ, ಅವನು ಮುನ್ನುಗ್ಗುವ ಗಳಿಗೆ ಮನಸ್ಸಿನಲ್ಲಿ ಮೂಡಿದಾಗಲೇ ನೋಟ ನೆಡುತ್ತದೆ, ಉಸಿರು ಹದಕ್ಕೆ ಬರುತ್ತದೆ, ಹೊಡೆತಕ್ಕೆ ಗುರಿ ಸಿಗುತ್ತದೆ.

ಆದರೆ ಕಲ್ಪಿತ ಶತ್ರು ಬಲು ವಿಧೇಯ. ಬೇಕೆಂದಲ್ಲಿ ಬರುತ್ತಾನೆ, ಹೊಡೆದರೆ ಬೀಳುತ್ತಾನೆ. ಅಭ್ಯಾಸ ತಿಳಿಯದಂತೆ ಹಗಲುಗನಸಾಗುವುದು ಇಲ್ಲಿಯೇ. 1882ರಲ್ಲಿ ಕೊಡೊಕಾನ್ ಎಂಬ ಜೂಡೋ ಶಾಲೆ ಸ್ಥಾಪಿಸಿದ ಜಿಗೊರೊ ಕಾನೊ ತನ್ನ ಜೂಡೋದಲ್ಲಿ ಕಾತಾದ ಜೊತೆಗೆ 'ರಾಂದೋರಿ' ಎಂಬ ಮುಕ್ತ ಸೆಣಸಾಟಕ್ಕೂ ದೊಡ್ಡ ಸ್ಥಾನ ಕೊಟ್ಟ. ಹಿಡಿತಕ್ಕೆ ಒಗ್ಗದ ಜೀವಂತ ದೇಹ ಅಂಥ ಭ್ರಮೆಯನ್ನು ಕ್ಷಣದಲ್ಲಿ ಒಡೆಯುತ್ತದೆ.

ಝೆನ್ ಎತ್ತುವ ಪ್ರಶ್ನೆ ಇನ್ನೂ ಆಳದ್ದು. 17ನೇ ಶತಮಾನದ ಭಿಕ್ಷು ತಕುವಾನ್ ಸೊಹೊ ಕತ್ತಿವರಸೆಯ ಗುರು ಯಾಗ್ಯು ಮುನೆನೊರಿಗೆ ಬರೆದ ಬೋಧನೆಯ ತಿರುಳು ಇದು: ಮನಸ್ಸು ಎದುರಾಳಿಯ ಕತ್ತಿಯ ಮೇಲೆ ನಿಂತರೂ ತನ್ನ ಕತ್ತಿಯ ಮೇಲೆ ನಿಂತರೂ ಸೋಲೇ. ಹಾಗಾದರೆ ಶತ್ರುವಿನ ಚಿತ್ರ ಕಟ್ಟುವ ಮನಸ್ಸೂ ನಿಂತ ಮನಸ್ಸೇ ಅಲ್ಲವೇ? ಹೌದು, ಆದರೆ ಕಲಿಕೆಗೆ ಆ ನಿಲುಗಡೆ ಬೇಕು. ಯೋಗಸೂತ್ರದಲ್ಲಿ ಪತಂಜಲಿಯೂ ವಸ್ತುವಿಲ್ಲದ ಅರಿವನ್ನು ವಿಕಲ್ಪವೆಂದು ಕರೆದು ಚಿತ್ತವೃತ್ತಿಗಳಲ್ಲಿ ಸೇರಿಸಿದ. ಆದರೂ ಧ್ಯಾನ ಆರಂಭವಾಗುವುದು ಒಂದು ಆಲಂಬನದಿಂದಲೇ, ಅಂದರೆ ಮನಸ್ಸು ಊರುವ ಆಸರೆಯಿಂದಲೇ. ಕಾತಾದ ಶತ್ರುವೂ ಅಂಥ ಆಲಂಬನ. ಚಲನೆ ಮೈಗೂಡಿದ ಮೇಲೆ ಅವನು ಕರಗಬೇಕು. ಕರಗದೆ ಉಳಿದರೆ, ಎದುರು ನಿಂತ ನಿಜವಾದ ಮನುಷ್ಯನನ್ನೇ ಮರೆಮಾಡುತ್ತಾನೆ.