ತರಕಾರಿಗೂ ಚಂದಾ

ತರಕಾರಿ ಕೊಳ್ಳುವುದರಲ್ಲಿ ನ್ಯಾಯಾನ್ಯಾಯದ ಪ್ರಶ್ನೆ ಎಲ್ಲಿಂದ ಬಂತು ಎಂದು ನೀವು ಕೇಳಬಹುದು, ಪ್ರಿಯ ಓದುಗರೇ. ಹಣ ಕೊಡುತ್ತೇವೆ, ಪದಾರ್ಥ ಪಡೆಯುತ್ತೇವೆ. ತೂಕವೂ ಚಿಲ್ಲರೆಯೂ ಸರಿಯಾಗಿದ್ದರೆ ಅಲ್ಲಿಗೆ ವ್ಯವಹಾರ ಮುಗಿಯಿತು. ಆದರೆ ಈಚಿನ ವರ್ಷಗಳಲ್ಲಿ ನಮ್ಮ ನಗರಗಳಲ್ಲಿ ಕಾಣಿಸಿಕೊಂಡಿರುವ ಒಂದು ಏರ್ಪಾಡು ಈ ಸರಳ ಲೆಕ್ಕವನ್ನು ಕದಡುತ್ತದೆ. ಸುತ್ತಲಿನ ಹಳ್ಳಿಯ ಒಬ್ಬ ರೈತನಿಗೋ ರೈತರ ಗುಂಪಿಗೋ ಕೆಲವು ತಿಂಗಳ ಹಣವನ್ನು ಮೊದಲೇ ಕಟ್ಟುವುದು. ಆ ಹೊಲದಲ್ಲಿ ಆ ಋತುವಿನಲ್ಲಿ ಬೆಳೆದದ್ದು ವಾರಕ್ಕೊಮ್ಮೆ ಬುಟ್ಟಿಯಲ್ಲಿ ಮನೆಬಾಗಿಲಿಗೆ ಬರುವುದು. ಬುಟ್ಟಿಯಲ್ಲಿ ಏನಿರಬೇಕೆಂದು ನಿರ್ಧರಿಸುವುದು ನೀವಲ್ಲ, ಹೊಲ.

ಈ ಪತ್ರಿಕೆಗೆ ಚಂದಾ ಕಟ್ಟುವಾಗಲೂ ನೀವು ಮಾಡುವುದು ಇದನ್ನೇ ಅಲ್ಲವೇ? ಮುಂದಿನ ಹನ್ನೆರಡು ಸಂಚಿಕೆಗಳಲ್ಲಿ ಏನು ಬರಲಿದೆಯೆಂದು ತಿಳಿಯದೆಯೇ ವರ್ಷದ ಹಣ ಕಳಿಸುತ್ತೀರಿ. ಒಂದು ಸಂಚಿಕೆ ಸಪ್ಪೆಯಾದರೆ ಗೊಣಗುತ್ತೀರಿ, ಆದರೆ ಹಣ ಹಿಂದಿರುಗಿಸಿ ಎನ್ನುವುದಿಲ್ಲ. ಅಡುಗೆಮನೆಯ ವಿಷಯದಲ್ಲಿ ಮಾತ್ರ ನಾವು ಅಷ್ಟು ಉದಾರಿಗಳಲ್ಲ. ಮಳೆ ಸುರಿದು ಸೊಪ್ಪಿನ ಮಡಿಗಳು ಕೊಳೆತ ವಾರದಲ್ಲಿ ಒಂದು ಹೋಳು ಸಿಹಿಗುಂಬಳ, ಒಂದು ಕಟ್ಟು ನುಗ್ಗೆಸೊಪ್ಪು ಮಾತ್ರ ಬಂದಿದೆಯೆನ್ನಿ. ಆಗ ನಾನು ಮೋಸಹೋದೆನೇ, ಅಥವಾ ನಾನು ಒಪ್ಪಿಕೊಂಡದ್ದೇ ಇದಕ್ಕೋ? ನಾನು ಮೊದಲೇ ಕೊಟ್ಟದ್ದು ವಸ್ತುವಿನ ಬೆಲೆಯೋ, ಒಬ್ಬ ಮನುಷ್ಯನಿಗೆ ಕೊಟ್ಟ ಮಾತೋ?

ಈ ಪ್ರಶ್ನೆಯನ್ನು ಬಹಳ ಗಂಭೀರವಾಗಿ ಎದುರಿಸಿದವರು ಜಪಾನಿನವರು. ಕೀಟನಾಶಕಗಳ ವಿಷದಿಂದಲೂ ಕಾರ್ಖಾನೆಗಳ ಮಾಲಿನ್ಯದಿಂದಲೂ ಕಳವಳಗೊಂಡಿದ್ದ ಅಲ್ಲಿನ ಗೃಹಿಣಿಯರು ಗುಂಪುಗೂಡಿ ನೇರವಾಗಿ ರೈತರೊಡನೆ ಒಡಂಬಡಿಕೆ ಮಾಡಿಕೊಳ್ಳತೊಡಗಿದರು. 1971ರಲ್ಲಿ ತೆರುವೊ ಇಚಿರಾಕು ಅವರ ಮುಂದಾಳ್ತನದಲ್ಲಿ ಜಪಾನ್ ಸಾವಯವ ಕೃಷಿ ಸಂಘ ಸ್ಥಾಪನೆಯಾಯಿತು. ಈ ಒಡಂಬಡಿಕೆಗೆ ಅವರಿಟ್ಟ ಹೆಸರು 'ತೇಕೇ'. ಕೈಜೋಡಿಸುವುದು ಎಂಬ ಅರ್ಥ ಅದರಲ್ಲಿದೆ. 1978ರಲ್ಲಿ ಸಂಘವು ಅದರ ಹತ್ತು ತತ್ವಗಳನ್ನು ಪ್ರಕಟಿಸಿತು. ಬೆಲೆಯನ್ನು ಇಬ್ಬರೂ ಕೂಡಿ ಮಾತಾಡಿ ನಿಶ್ಚಯಿಸಬೇಕು ಎಂಬುದು ಅವುಗಳಲ್ಲೊಂದು. ನಮಗೆ ಹೆಚ್ಚು ಕಠಿಣವಾಗಿ ತೋರುವುದು ಇನ್ನೊಂದು: ಮೊದಲೇ ಮಾತಾಡಿಕೊಂಡು ಬೆಳೆದದ್ದನ್ನೆಲ್ಲ ಕೊಳ್ಳುವವರು ಸ್ವೀಕರಿಸಬೇಕು. ಸೊಟ್ಟ ಮೂಲಂಗಿಯೂ ಅದರಲ್ಲಿ ಬಂತು, ಹುಳು ತಿಂದ ಎಲೆಕೋಸೂ ಬಂತು. ಇದೇ ಬಗೆಯ ಪ್ರಯತ್ನಗಳು 1986ರಲ್ಲಿ ಅಮೆರಿಕದಲ್ಲಿ, 2001ರಲ್ಲಿ ಫ್ರಾನ್ಸಿನಲ್ಲಿ ಬೇರೆ ಬೇರೆ ಹೆಸರುಗಳಲ್ಲಿ ಆರಂಭವಾದವು.

ನಮ್ಮ ರೈತನಿಗೆ ಮುಂಗಡವೆಂಬುದು ಹೊಸದಲ್ಲ. ಬಿತ್ತನೆಯ ಹೊತ್ತಿಗೆ ಗೊಬ್ಬರದಂಗಡಿಯವರು ಸಾಲ ಬರೆದುಕೊಳ್ಳುತ್ತಾರೆ; ಮಂಡಿಯ ದಲ್ಲಾಳಿ ಕೈಗೆ ಹಣ ಕೊಟ್ಟು, ಫಸಲನ್ನು ತನ್ನ ಅಂಗಡಿಗೇ ತರಬೇಕೆಂದು ಕಟ್ಟುಹಾಕುತ್ತಾನೆ. ದಲ್ಲಾಳಿಯೂ ಬೆಳೆ ಬರುವ ಮೊದಲೇ ಹಣ ಕೊಡುತ್ತಾನೆ, ಚಂದಾದಾರನೂ ಕೊಡುತ್ತಾನೆ. ಇಬ್ಬರಿಗೂ ಇರುವ ಅಂತರವೆಲ್ಲ ಒಂದೇ ಸಂಗತಿಯಲ್ಲಿದೆ: ಬೆಳೆ ಕೈಕೊಟ್ಟಾಗ ದಲ್ಲಾಳಿಯ ಹಣ ಸಾಲವಾಗಿಯೇ ಉಳಿಯುತ್ತದೆ, ಚಂದಾದಾರನ ಹಣ ಉಳಿಯುವುದಿಲ್ಲ. ಹಾಗೆ ಉಳಿಯಬೇಕೆಂದು ಚಂದಾದಾರನೂ ಬಯಸಿದರೆ, ಅವನು ಸ್ವಲ್ಪ ಸಭ್ಯನಾದ ದಲ್ಲಾಳಿ, ಅಷ್ಟೇ.

2023ರ ಜುಲೈಯಲ್ಲಿ ಟೊಮೆಟೊ ಬೆಲೆ ಕಿಲೋಗೆ 100 ರೂಪಾಯಿ ದಾಟಿದಾಗ ನಮ್ಮ ಮನೆಮನೆಗಳಲ್ಲಿ ಎದ್ದ ಹುಯಿಲನ್ನು ನೆನಪಿಸಿಕೊಳ್ಳಿ. ಅದೇ ಸೆಪ್ಟೆಂಬರಿನಲ್ಲಿ ಬೆಲೆ ನೆಲಕಚ್ಚಿದಾಗ ಆ ಹುಯಿಲು ಕೋಲಾರದ ಸೀಮೆಯ ಹೊಲಗಳಿಗೆ ಸ್ಥಳಾಂತರವಾಯಿತು. ನಗರದಲ್ಲಿ ನಮಗದು ಕೇಳಿಸಲಿಲ್ಲ. ಬೆಲೆ ಏರಿದರೆ ಅದು ದೇಶದ ಸಮಸ್ಯೆ, ಇಳಿದರೆ ರೈತನ ಹಣೆಬರಹ. ಸಹಕಾರ ಸಂಘಗಳು ಈ ಅನ್ಯಾಯವನ್ನು ತಕ್ಕಮಟ್ಟಿಗೆ ತಗ್ಗಿಸಿವೆ. ಡಾ. ಎಂ. ಎಚ್. ಮರಿಗೌಡರ ಶ್ರಮದಿಂದ 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಂಘವಾಗಿ ಹುಟ್ಟಿದ ಹಾಪ್‌ಕಾಮ್ಸ್ ಅದಕ್ಕೆ ಸಾಕ್ಷಿ. ಆದರೂ ಆಲಿಕಲ್ಲು ಬಿದ್ದ ಹೊಲದ ನಷ್ಟವನ್ನು ಕೊಳ್ಳುವವನು ಹಂಚಿಕೊಳ್ಳುವ ವ್ಯವಸ್ಥೆ ಅಂಗಡಿಯಲ್ಲಿ ಇರಲಾರದು.

ಹಿಂದೆ ನಮ್ಮ ಹಳ್ಳಿಗಳಲ್ಲಿ ಅಂಥದೊಂದು ಇತ್ತು. ಕಮ್ಮಾರ, ಬಡಗಿ, ಕುಂಬಾರ, ಅಗಸ ಮೊದಲಾದ ಆಯಗಾರರು ವರ್ಷವಿಡೀ ದುಡಿದು, ಕಣದಲ್ಲಿ ರಾಶಿಯಾದಾಗ ತಮ್ಮ ಪಾಲಿನ ಧಾನ್ಯವನ್ನು ಪಡೆಯುತ್ತಿದ್ದರು. ರಾಶಿ ದೊಡ್ಡದಾದರೆ ಎಲ್ಲರ ಮನೆಯಲ್ಲೂ ಹಬ್ಬ, ಬರ ಬಂದರೆ ಎಲ್ಲರಿಗೂ ಅರೆಹೊಟ್ಟೆ. ಇದನ್ನು ಹೊಗಳುವವರು ಒಂದು ಮಾತನ್ನು ಮರೆಯುತ್ತಾರೆ. ಆ ಪಾಲು ಯಾರಿಗೆಷ್ಟೆಂಬುದನ್ನು ಹುಟ್ಟು ನಿರ್ಧರಿಸುತ್ತಿತ್ತು; ಕೇರಿಯ ಜನ ಕೊನೆಯವರಾಗಿ ಕಣದಂಚಿನಲ್ಲಿ ನಿಂತು ಕಾಯಬೇಕಿತ್ತು. ಇಂದಿನ ಚಂದಾದಾರ ಈ ಸಂಬಂಧವನ್ನು ತಾನಾಗಿ ಆರಿಸಿಕೊಳ್ಳುತ್ತಾನೆ. ಅದು ಅದರ ಶ್ರೇಷ್ಠತೆಯೂ ಹೌದು, ದೌರ್ಬಲ್ಯವೂ ಹೌದು. ಆರಿಸಿಕೊಂಡದ್ದನ್ನು ಮುಂದಿನ ಕಂತಿನ ದಿನ ಸದ್ದಿಲ್ಲದೆ ಕೈಬಿಡಬಹುದು. ಅದನ್ನು ಯಾವ ಪಂಚಾಯಿತಿಯೂ ಪ್ರಶ್ನಿಸುವುದಿಲ್ಲ.

ಇಲ್ಲಿ ಇನ್ನೊಂದು ವಿಚಾರವನ್ನು ನಾವು ಗಮನಿಸಲೇಬೇಕು. ಮಾತು ಕೊಟ್ಟವರು ಒಬ್ಬರು, ಅದನ್ನು ನಡೆಸುವವರು ಇನ್ನೊಬ್ಬರಾಗುವುದುಂಟು. ಧನುರ್ಮಾಸದ ಚಳಿಯಲ್ಲಿ ಬುಟ್ಟಿಯ ತುಂಬ ಸೊಗಡು ಅವರೆಕಾಯಿ ಬರುತ್ತದೆ. ಸ್ಥಳೀಯ, ಋತುಮಾನದ ಬೆಳೆ ಎಂದರೆ ಇದಕ್ಕಿಂತ ಬೇರೆ ಬೇಕೇ? ಮನೆಯ ಯಜಮಾನರು ಪರಿಮಳ ಹೀರಿ ಸಂತೋಷಪಡುತ್ತಾರೆ. ಅದನ್ನು ಸುಲಿದು, ರಾತ್ರಿ ನೆನೆಹಾಕಿ, ಬೆಳಗ್ಗೆ ಒಂದೊಂದೇ ಕಾಳನ್ನು ಹಿದುಕಿ ಬೇಳೆ ಮಾಡುವ ಬೆರಳುಗಳು ಯಾರವು? ಬೇರಿನ ಮಣ್ಣು ತೊಳೆದು, ದಂಟಿನ ಸೊಪ್ಪು ಬಿಡಿಸಿ, ತನ್ನ ಕಚೇರಿಯ ಬಸ್ಸು ಹಿಡಿಯಬೇಕಾದವಳು ಯಾರು? ಜಪಾನಿನಲ್ಲೂ ಹೀಗೆಯೇ ಆಯಿತು. ತೇಕೇ ಗುಂಪುಗಳಲ್ಲಿ ತರಕಾರಿ ಇಳಿಸಿ, ಹಂಚಿ, ಲೆಕ್ಕ ಬರೆಯುತ್ತಿದ್ದ ಗೃಹಿಣಿಯರಲ್ಲಿ ಹಲವರು ಉದ್ಯೋಗಕ್ಕೆ ಹೊರಟ ಮೇಲೆ ಅನೇಕ ಗುಂಪುಗಳು ಸೊರಗಿದವು. ಇದನ್ನು ಸ್ತ್ರೀಯರ ನಿಷ್ಠೆಯ ಕೊರತೆಯೆಂದು ಬಗೆಯುವುದು ತಪ್ಪು. ಒಂದು ಉದಾತ್ತ ತತ್ವದ ಭಾರವೆಲ್ಲ ಸಂಬಳವಿಲ್ಲದ ಹೆಗಲುಗಳ ಮೇಲಿತ್ತು ಎಂಬುದು ಆಗಷ್ಟೇ ಹೊರಬಿತ್ತು. ಆದ್ದರಿಂದ ಚಂದಾ ಕಟ್ಟುವ ಮುನ್ನ ರೈತನನ್ನು ಕೇಳುವುದಕ್ಕಿಂತ ಮೊದಲು ಮನೆಯವರನ್ನು ಕೇಳುವುದು, ಅವರೆಕಾಯಿಯ ಮುಂದೆ ತಾವೂ ಚಾಪೆ ಹಾಸಿ ಕೂರುವುದು ನ್ಯಾಯ.

ಇನ್ನು, ಈ ಹೆಸರಿನಲ್ಲಿ ನಡೆಯುವ ವ್ಯಾಪಾರವೆಲ್ಲ ಶುದ್ಧವೆಂದು ನಂಬಬೇಕಾಗಿಲ್ಲ. ಸಗಟು ಮಾರುಕಟ್ಟೆಯಿಂದ ತಂದದ್ದಕ್ಕೆ ಹಳ್ಳಿಯ ಚಿತ್ರ ಅಂಟಿಸಿ ಕಳಿಸುವುದೂ ಸಾಧ್ಯ. ಯಾವ ಊರು, ಯಾರ ಹೊಲ, ಬೆಲೆ ಬಿದ್ದ ತಿಂಗಳಲ್ಲಿ ರೈತನಿಗೆ ಎಷ್ಟು ಕೊಟ್ಟಿರಿ ಎಂದು ಕೇಳಿ ನೋಡಿ. ಉತ್ತರ ತಡವರಿಸಿದರೆ ಅದು ಬರೀ ಅಂಗಡಿ. ವರ್ಷವಿಡೀ ಮಾವು ಕೊಡುತ್ತೇವೆನ್ನುವವರನ್ನಂತೂ ಕೇಳುವ ಅಗತ್ಯವೇ ಇಲ್ಲ.

ಮೂರು ತಿಂಗಳ ಹಣವನ್ನು ಒಮ್ಮೆಗೇ ಕಟ್ಟುವ ಶಕ್ತಿ ನಮ್ಮಲ್ಲಿ ಎಷ್ಟು ಜನರಿಗಿದೆ ಎಂಬ ಆಕ್ಷೇಪ ಮಾತ್ರ ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ. ದಿನಗೂಲಿಯವರು ಸಂಜೆಯ ಕೂಲಿಯಲ್ಲಿ ಸಂಜೆಯ ಸಾರಿಗೆ ಬೇಕಾದಷ್ಟನ್ನು ಕೊಳ್ಳುತ್ತಾರೆ. ಅಲ್ಲದೆ, ಬುಟ್ಟಿ ಬರುವ ಬೀದಿಯಲ್ಲೇ ಸೊಪ್ಪು ಮಾರುವ ಹೆಂಗಸೂ ಬರುತ್ತಾಳೆ. ಅವಳ ಗಿರಾಕಿಗಳನ್ನು ಆ ಬುಟ್ಟಿಯೇ ಕಸಿದುಕೊಂಡರೆ, ಒಬ್ಬ ಬಡವನಿಗೆ ಕೊಟ್ಟ ಮಾತನ್ನು ಇನ್ನೊಬ್ಬ ಬಡವಳ ಖರ್ಚಿನಲ್ಲಿ ನಡೆಸಿದಂತಾಯಿತು. ಬೆಳಗಿನ ಜಾವ ಸಾಲ ತಂದು, ಸಂಜೆ ಬಡ್ಡಿ ಸೇರಿಸಿ ತೀರಿಸುವ ಇಂಥ ವ್ಯಾಪಾರಿಗಳಿಗಾಗಿಯೇ ರಾಜ್ಯ ಸರ್ಕಾರ 2018ರಲ್ಲಿ 'ಬಡವರ ಬಂಧು' ಎಂಬ ಬಡ್ಡಿರಹಿತ ಸಾಲದ ಯೋಜನೆಯನ್ನು ತಂದಿತು. ದೂರದ ಹೊಲಕ್ಕೆ ಚಂದಾ ಕಟ್ಟಲು ಅನುಕೂಲವಿಲ್ಲದವರು ಇವಳಿಗೇ ಕಟ್ಟಬಹುದು. ತಿಂಗಳ ಮೊದಲ ದಿನ 300 ರೂಪಾಯಿ ಅವಳ ಕೈಗಿಟ್ಟು, "ನೋಡಮ್ಮಾ, ದಿನವೂ ಒಂದು ಕಟ್ಟು ಹಾಕಿ ಹೋಗು, ಯಾವ ಸೊಪ್ಪಾದರೂ ಸರಿ" ಎಂದರೆ ಸಾಕು. ಮರುದಿನ ಬೆಳಗಿನ ಜಾವ ಅವಳು ಸಾಲ ಕೊಡುವವನ ಬಳಿ ಅಷ್ಟು ಕಡಿಮೆ ಕೇಳಿದರಾಯಿತು.