ಚುಕ್ಕಿಗಳು ಉದುರಿದ ಚಳಿಗಾಲ

ಅಮೆರಿಕದ ಬಯಲುಸೀಮೆಯ ಇತಿಹಾಸ ಹೇಳುವ ಪುಸ್ತಕಗಳಲ್ಲಿ ನನ್ನನ್ನು ಮತ್ತೆ ಮತ್ತೆ ಎಳೆಯುವುದು ಹಾಳೆಯೂ ಅಕ್ಷರವೂ ಇಲ್ಲದ ಒಂದು ಪುಸ್ತಕ. ಡಕೋಟ ಜನರ ಲೋನ್ ಡಾಗ್ ಕಾಡೆಮ್ಮೆಯ ತೊಗಲಿನ ಮೇಲೆ ಬರೆದಿಟ್ಟದ್ದು. ನಡುವಿನಿಂದ ಸುರುಳಿಯಾಗಿ ಹೊರಗೆ ಸುತ್ತುತ್ತ ಹೋಗುವ ಚಿತ್ರಗಳು 1800ರಿಂದ 1871ರವರೆಗಿನ ಕಾಲವನ್ನು ಹಿಡಿದಿವೆ. ಮೊದಲ ಹಿಮದಿಂದ ಮರುವರ್ಷದ ಮೊದಲ ಹಿಮದವರೆಗೆ ಒಂದು ವರ್ಷ; ವರ್ಷಕ್ಕೆ ಒಂದೇ ಚಿತ್ರ. ಮೊದಲನೆಯದು ಮೂವತ್ತು ಕಪ್ಪು ಗೆರೆ: ಕ್ರೋ ಜನರ ಕೈಯಲ್ಲಿ ಸತ್ತ ಮೂವತ್ತು ಡಕೋಟರು. ಅದರ ಪಕ್ಕದಲ್ಲಿ ಮೈತುಂಬ ಕೆಂಪು ಚುಕ್ಕೆಯ ಮನುಷ್ಯ: ಸಿಡುಬು ಬಂದ ವರ್ಷ. ಅಷ್ಟೇ. ಯಾರ ಮನೆಯಲ್ಲಿ ಎಷ್ಟು ಹೆಣ ಬಿತ್ತು, ಯಾರು ಬದುಕಿ ಉಳಿದರು ಎಂಬುದೆಲ್ಲ ತೊಗಲು ಕಾಯುವವನ ನೆನಪಿನಲ್ಲಿ. ಚಿತ್ರ, ಮಾತನ್ನು ತೂಗುಹಾಕಲು ಹೊಡೆದ ಗೂಟ.

ಇಡೀ ವರ್ಷಕ್ಕೆ ಒಂದೇ ಎಂದರೆ ಯಾವುದನ್ನು ಆರಿಸುವುದು? 1866ರ ಡಿಸೆಂಬರ್‌ನಲ್ಲಿ ಫಿಲ್ ಕಿಯರ್ನಿ ಕೋಟೆಯ ಬಳಿ ಅಮೆರಿಕದ ಸೇನೆಯ ಕ್ಯಾಪ್ಟನ್ ಫೆಟರ್ಮನ್‌ನ ತಂಡದ 81 ಮಂದಿಯೂ ಬಯಲಿನವರ ಕೈಯಲ್ಲಿ ಸತ್ತರು. ಸೇನೆಯ ಇತಿಹಾಸಗಳು ಅದಕ್ಕೆ ಅಧ್ಯಾಯಗಳನ್ನೇ ಮೀಸಲಿಟ್ಟಿವೆ. ಅಮೆರಿಕನ್ ಹಾರ್ಸ್ ಎಂಬ ಲಕೋಟ ನಾಯಕ ಇಟ್ಟ, ಚಳಿಗಾಲಕ್ಕೊಂದು ಚಿತ್ರದ ಇಂಥದೇ ಎಣಿಕೆಯಲ್ಲೂ ಆ ಚಳಿಗಾಲಕ್ಕೆ ಅದೇ ಗುರುತು. ಲೋನ್ ಡಾಗ್‌ನ ತೊಗಲಿನಲ್ಲಿ ಮಾತ್ರ ಆ ವರ್ಷ ಸ್ವಾನ್ ಎಂಬ ಮುಖಂಡ ತೀರಿಕೊಂಡದ್ದಷ್ಟೇ ಇದೆ. ಇದನ್ನು ಮರೆವು ಎನ್ನಲು ನನಗೆ ಮನಸ್ಸಿಲ್ಲ. ಅವರವರ ಹಿರಿಯರು ಕೂತು ಮಾತಾಡಿ ಆರಿಸಿದ್ದು. ಆ ಗುಂಪಿಗೆ ಆ ಸಾವೇ ದೊಡ್ಡದು.

ಹೀಗೆ ಒಬ್ಬರ ವರ್ಷ ಇನ್ನೊಬ್ಬರಿಗೆ ಹೊಂದದ ಈ ಲೆಕ್ಕಗಳಲ್ಲಿ ಒಂದು ಚಳಿಗಾಲ ಮಾತ್ರ ಹೆಚ್ಚುಕಡಿಮೆ ಎಲ್ಲರಿಗೂ ಒಂದೇ. 1833ರ ನವೆಂಬರ್, ಹನ್ನೆರಡರ ರಾತ್ರಿ ಕಳೆದು ಹದಿಮೂರರ ಬೆಳಗಾಗುವ ಮುನ್ನ ಆಕಾಶದಿಂದ ಉಲ್ಕೆಗಳು ಮಳೆಯಂತೆ ಸುರಿದವು. ಯೇಲ್‌ನಲ್ಲಿ ಡೆನಿಸನ್ ಓಲ್ಮ್‌ಸ್ಟೆಡ್ ಅವು ಸಿಂಹರಾಶಿಯ ಒಂದೇ ಬಿಂದುವಿನಿಂದ ಹೊರಟಂತೆ ಕಾಣುತ್ತವೆಂದು ತೋರಿಸಿದ. ಟೆಂಪಲ್-ಟಟ್ಲ್ ಧೂಮಕೇತುವಿನ ಧೂಳೆಂದು ತಿಳಿದದ್ದು ಆಮೇಲೆ. ಬಯಲಿನವರು ಹಾಗೆ ಬಿಂದು ಹುಡುಕಲಿಲ್ಲ, ವರ್ಷಕ್ಕೆ ಹೆಸರಿಟ್ಟರು: ಚುಕ್ಕಿಗಳು ಉದುರಿದ ಚಳಿಗಾಲ. ಮುಂದೆ ವಿದ್ವಾಂಸರು ಈ ಎಣಿಕೆಗಳನ್ನು ಪಂಚಾಂಗಕ್ಕೆ ಹೊಂದಿಸಲು ಹೊರಟಾಗ ಕೈಗೆ ಸಿಕ್ಕ ಗಟ್ಟಿ ಆಸರೆ ಈ ರಾತ್ರಿಯೇ. ಇಲ್ಲಿಂದ ಹಿಂದಕ್ಕೂ ಮುಂದಕ್ಕೂ ಚಿತ್ರ ಎಣಿಸಿದರೆ ಇಸವಿ ಸಿಗುತ್ತದೆ.

ದಕ್ಷಿಣದ ಕಯೋವಾ ಜನರ ಎಣಿಕೆಗಳನ್ನು ಜೇಮ್ಸ್ ಮೂನಿ 1898ರಲ್ಲಿ ಪುಸ್ತಕ ಮಾಡಿದ. ಡೇರೆಯೊಳಗೆ ಮಲಗಿದ್ದವರು ಬೆಳಕಿಗೆ ಎಚ್ಚೆತ್ತು ಹೊರಗೆ ಓಡಿದ್ದು, ಮಕ್ಕಳನ್ನು ಎಬ್ಬಿಸಿದ್ದು ಅದರಲ್ಲಿದೆ. ಎಣಿಕೆ ಇಟ್ಟವರಲ್ಲಿ ಒಬ್ಬ, ಸೆಟ್ಟಾನ್, ಹುಟ್ಟಿದ್ದು ಆ ಚಳಿಗಾಲಕ್ಕೆ ಮುಂಚಿನ ಬೇಸಿಗೆಯಲ್ಲಿ. ಅವನು ಆ ವರ್ಷಕ್ಕೆ ಬರೆದದ್ದು ಒಂದು ಮಗು, ತಲೆಯ ಮೇಲೆ ಚುಕ್ಕಿಗಳು. ಮಗು ತಾನೇ. ಆ ರಾತ್ರಿಯ ಒಂದು ಕಿಡಿಯೂ ಅವನ ನೆನಪಿನಲ್ಲಿ ಇದ್ದಿರಲಾರದು, ಎಲ್ಲ ಹಿರಿಯರ ಬಾಯಿಂದ ಕೇಳಿದ್ದು. ಆದರೂ ಸಂಕೋಚವಿಲ್ಲದೆ ತನ್ನನ್ನೂ ಅದರೊಳಗೆ ನಿಲ್ಲಿಸಿಕೊಂಡ. ನಮ್ಮ ಇತಿಹಾಸಕಾರರು ಇಷ್ಟನ್ನು ಹೇಳಲು ಮುನ್ನುಡಿಯಲ್ಲಿ ಪುಟಗಟ್ಟಲೆ ತೆಗೆದುಕೊಳ್ಳುತ್ತಾರೆ.